ಉಸ್ತುವಾರಿ ಸಮಿತಿಯ ಕಚೋರಿ

ತೊಂಬತ್ತರ ದಶಕದ ಆರಂಭದಲ್ಲಿ ನನ್ನ ಅಣ್ಣ ಬನಾರಸಿನ ಆಚೆಗಿದ್ದ ಒಂದು ಸಣ್ಣ ಮಾನಸಿಕ ಆಸ್ಪತ್ರೆಯಲ್ಲಿದ್ದ. ಸರ್ಕಾರದ ಅನುದಾನ ಕಡಿಮೆಯಾಯಿತೆಂದು ಅಲ್ಲಿ ರೋಗಿಗಳ ಸಂಜೆಯ ಹಾಲು ನಿಲ್ಲಿಸಿದರು. ಆಮೇಲೆ ಅವರಿಗೆ ನೇಯ್ಗೆ ಕಲಿಸುತ್ತಿದ್ದ ಮೇಷ್ಟರನ್ನೂ ಕಳಿಸಿಬಿಟ್ಟರು. ರೋಗಿಗಳ ಮನೆಯವರೆಲ್ಲ ಗಲಾಟೆ ಮಾಡಿದಾಗ ನಮ್ಮ ಬಾಯಿ ಮುಚ್ಚಿಸಲು ಆಸ್ಪತ್ರೆಯ ಅಧೀಕ್ಷಕರು ಒಂದು ಉಸ್ತುವಾರಿ ಸಮಿತಿ ಮಾಡಿದರು. ಅಮ್ಮ ಬನಾರಸಿನ ಕೇದಾರಘಾಟಿನಲ್ಲಿ ನೆಲೆಸಿದ್ದ ಕನ್ನಡದ ಪುರೋಹಿತರ ಹೆಂಡತಿ, ಹಿಂದಿ ಅಷ್ಟಕ್ಕಷ್ಟೆ. ಇವಳಿಂದ ತೊಂದರೆಯಿಲ್ಲ ಎಂದುಕೊಂಡು ಅವಳನ್ನೂ ಸೇರಿಸಿಕೊಂಡರು.

ಮೊದಲ ಸಭೆಗೆ ನಾನೂ ಜೊತೆಗೆ ಹೋದೆ. ಮೇಜಿನ ಮೇಲೆ ಗೋದೌಲಿಯಾ ಪೇಟೆಯಿಂದ ತರಿಸಿದ ಕಚೋರಿ, ಜಿಲೇಬಿ. ಅಧೀಕ್ಷಕರು ಬಾಯಿತುಂಬ ಅಗಿಯುತ್ತಲೇ ಆಸ್ಪತ್ರೆಯ ಬಡತನ ವಿವರಿಸಿದರು. ಮನೆಯಲ್ಲಿ ಯಾವ ರೋಗಿಯೂ ಇಲ್ಲದ ವಕೀಲರೊಬ್ಬರು ಕುಟುಂಬಗಳ ಪರವಾಗಿ ತಲೆದೂಗಿ ಇನ್ನೊಂದು ಜಿಲೇಬಿ ಎತ್ತಿಕೊಂಡರು.

"ವಾರ್ಡು ಯಾವಾಗ ತೋರಿಸ್ತಾರೆ ಕೇಳೇ" ಅಂದಳು ಅಮ್ಮ. ನಾನು ಹಿಂದಿಯಲ್ಲಿ ಕೇಳಿದೆ.

"ಮುಂದಿನ ಸಲ ನೋಡೋಣ, ಮಾತಾಜಿ. ಈಗ ತಗೊಳ್ಳಿ" ಎಂದು ಅಧೀಕ್ಷಕರು ತಟ್ಟೆ ಮುಂದೆ ತಳ್ಳಿದರು.

ಅಮ್ಮ ಆ ಇಡೀ ತಟ್ಟೆಯನ್ನೇ ಎತ್ತಿಕೊಂಡು ವಾರ್ಡಿನ ಕಡೆ ನಡೆದಳು.

"ಅದು ಸಮಿತಿಯವರದು!" ಎಂದು ಕಾವಲುಗಾರ ಅಡ್ಡ ಬಂದ.

"ಹಮ್ ಭೀ ಸಮಿತಿ" ಅಂದಳು ಅಮ್ಮ, ನಾವೂ ಸಮಿತಿಯವರೇ ಎಂದು ತನ್ನ ಹರಕು ಹಿಂದಿಯಲ್ಲಿ. ಅವನು ಸರಿದು ನಿಂತ.

ಒಳಗೆ ಮಾಗಿಯ ಚಳಿಯಲ್ಲಿ ರೋಗಿಗಳು ಬರಿನೆಲದ ಮೇಲೆ ಕೂತಿದ್ದರು. ಕಚೋರಿ ಕಂಡದ್ದೇ ಸುತ್ತ ಕೈಗಳು ಚಾಚಿಕೊಂಡವು. ಅಣ್ಣ ನಮ್ಮ ಮುಖ ಕೂಡ ನೋಡದೆ ಗಬಗಬನೆ ತಿಂದ.

ಶಿಸ್ತಿಲ್ಲ ಎಂದು ಅಮ್ಮನನ್ನು ಸಮಿತಿಯಿಂದ ತೆಗೆದರು. ಉಳಿದ ಗಣ್ಯರು ಎಲ್ಲವೂ ಚೆನ್ನಾಗಿದೆ ಎಂಬ ವರದಿಗೆ ಸಹಿ ಹಾಕಿದರು. ಅವರಲ್ಲಿ ಒಬ್ಬರೂ ವಾರ್ಡಿನ ಹೊಸ್ತಿಲು ದಾಟಿರಲಿಲ್ಲ. ಅದೇ ವಾರ ನಾವು ಅಣ್ಣನನ್ನು ರಿಕ್ಷಾದಲ್ಲಿ ಕೂರಿಸಿಕೊಂಡು ಮನೆಗೆ ಕರೆತಂದೆವು.