ಹಡಗಿನ ಬಾಗಿಲಲ್ಲಿ ಉಡಿ

ಹಡಗಿನಲ್ಲಿ ಕೊಚ್ಚಿಗೆ ಹೋಗಿ ಬಂದ ನಮ್ಮ ಮಾಮಾನನ್ನು ‘ಕೊಚ್ಚಿ ಹೆಂಗಿತ್ತು?’ ಎಂದು ದಯವಿಟ್ಟು ಕೇಳಬೇಡಿ.

‘ಛಲೋ ಇತ್ತು. ಒಂದು ಗ್ಯಾಸಿನ ಒಲಿ, ಬಾಜೂಕ ಒಂದು ಫ್ರಿಜ್’ ಎನ್ನುತ್ತಾರೆ.

ಅವರದೇನೂ ತಪ್ಪಿಲ್ಲ. ಅಲ್ಲಿ ಅವರು ನೋಡಿದ್ದೇ ಅಷ್ಟು.

ಟಿಳಕವಾಡಿಯ ಮಾಮಾ ನಿವೃತ್ತರಾದ ಖುಷಿಗೆ ಕ್ರೂಸ್ ಬುಕ್ ಮಾಡಿದರು. ಜೊತೆಗೆ ಅತ್ತೆ. ಇಂಗ್ಲಿಷ್ ಮಾತಾಡಲು ನಾನು. (ಮಿಮಿಕ್ರಿ ನನ್ನ ಕಸುಬು. ನನ್ನ ಇಂಗ್ಲಿಷ್ ಕೂಡ ಮಿಮಿಕ್ರಿಯೇ. ಧ್ವನಿ ಇಂಗ್ಲಿಷರದು, ವ್ಯಾಕರಣ ನನ್ನದು.)

ಬೆಳಗಾವಿಯಿಂದ ಮುಂಬೈಗೆ ರೈಲು. ಮುಂಬೈಯಿಂದ ಹಡಗು. ಮೊದಲ ನಿಲ್ದಾಣ ಯಾವುದು? ಗೋವಾ! ಮನೆ ಮುಂದೆ ಬಸ್ಸು ಹತ್ತಿದ್ದರೆ ಊಟದ ಹೊತ್ತಿಗೆ ಮುಟ್ಟುವ ಊರಿಗೆ ನಾವು ಮಹಾರಾಷ್ಟ್ರವನ್ನೆಲ್ಲ ಸುತ್ತಿ ಬಂದಿದ್ದೆವು. ಮಾಮಾ ಡೆಕ್ ಮೇಲಿಂದ ಘಟ್ಟದ ಕಡೆ ಕೈ ಮಾಡಿದರು. ‘ಆ ಗುಡ್ಡದ ಹಿಂದ ಖಾನಾಪುರ. ಇಲ್ಲೇ ಇಳದ್ರ ಮಧ್ಯಾಹ್ನದ ನಿದ್ದಿ ಮನ್ಯಾಗ ಮಾಡಬಹುದಲೇ.’

ಡಾಲ್ಫಿನ್ ಜಿಗಿದಾಗ ಎಲ್ಲರೂ ಫೋನ್ ಎತ್ತಿದರು. ಎಲ್ಲರ ಫೋನಿನಲ್ಲೂ ಬಂದಿದ್ದು ನೀರು. ಅತ್ತೆ ಮಾತ್ರ ಏನನ್ನೂ ತೆಗೆಯಲಿಲ್ಲ. ಆಕೆ ಕಾಯುತ್ತಿದ್ದುದು ಕೊಚ್ಚಿಗೆ.

ಅಲ್ಲಿ ಕಸ್ತೂರಿ ಇದ್ದಾಳೆ. ಖಾನಾಪುರದ ಶಾಲೆಯಲ್ಲಿ ಅತ್ತೆಯ ಪಕ್ಕ ಕೂತವಳು, ಗಂಡನ ನೌಕರಿಯ ಹಿಂದೆ ಕೊಚ್ಚಿ ಸೇರಿದವಳು. ಖಾನಾಪುರದ ತವರಿನಲ್ಲಿ ಈಗ ಅತ್ತೆಗೆ ತನ್ನವರೆಂದು ಯಾರೂ ಇಲ್ಲ. ಮನೆಯೂ ಕೈಬಿಟ್ಟಿದೆ. ತವರಿನ ಕಡೆಯವಳು ಎಂದು ಆಕೆಗೆ ಉಳಿದವಳು ಕಸ್ತೂರಿ ಒಬ್ಬಳೇ.

ಕೊಚ್ಚಿಯಲ್ಲಿ ಉಳಿದವರೆಲ್ಲ ಊರು ನೋಡಲು ಬಸ್ಸು ಹತ್ತಿದರು. ನಾವು ಆಟೋ ಹತ್ತಿ ಕಸ್ತೂರಿಯ ಅಡುಗೆಮನೆಗೆ ಹೋದೆವು. ಗೆಳತಿಯರು ಅರ್ಧ ಕನ್ನಡ, ಅರ್ಧ ಮರಾಠಿಯಲ್ಲಿ ಶುರು ಮಾಡಿದ ಮಾತು ಮುಗಿಯುವ ಲಕ್ಷಣವೇ ಇರಲಿಲ್ಲ. ‘ಹಡಗು ಬಿಡತೈತಿ’ ಎಂದು ಮಾಮಾ ಎದ್ದರು. ಕುಳಿತರು. ಮತ್ತೆ ಎದ್ದರು.

ಅಂತೂ ಬಾಗಿಲಿಗೆ ಬಂದೆವು. ಒಳಗಿನಿಂದ ಕಸ್ತೂರಿ ಕೂಗಿದಳು: ‘ಏ ಸುಶೀ, ಉಡಿ ತುಂಬಸ್ಕೊಳ್ಳಲಾರ್ದ ಹಂಗ ಹೊಂಟಿ? ನಾ ಏನ ಸತ್ತೇನೇನು?’

ಮುಗಿಯಿತು! ನಮ್ಮ ಕಡೆ ಮುತ್ತೈದೆ ಬರಿಯ ಸೆರಗಿನಲ್ಲಿ ಹೊಸ್ತಿಲು ದಾಟುವಂತಿಲ್ಲ. ಕುಂಕುಮ ಹುಡುಕು, ಕುಪ್ಪಸದ ಖಣ ಹುಡುಕು, ಅಕ್ಕಿ ತಾ, ತೆಂಗಿನಕಾಯಿ ತಾ. ಸೆರಗೊಡ್ಡಿ ನಿಂತ ಅತ್ತೆಯ ಕಣ್ಣು ತುಂಬಿತ್ತು. ಖಾನಾಪುರದ ಕೈಯಿಂದ ಉಡಿ ತುಂಬಿಸಿಕೊಂಡು ಎಷ್ಟು ವರ್ಷವಾಗಿತ್ತೋ. ಮಾಮಾ ಗಡಿಯಾರ ನೋಡುತ್ತಿದ್ದರು.

ಬಂದರಿನ ಗೇಟಿಗೆ ಓಡಿ ಬಂದರೆ ಸ್ಕ್ಯಾನರ್ ಪಕ್ಕ ಸಮವಸ್ತ್ರದ ಹೆಣ್ಣುಮಗಳೊಬ್ಬಳು ನಿಂತಿದ್ದಳು. ನಗುವೆಂಬುದೇ ಇಲ್ಲ. ಅತ್ತೆಯ ಚೀಲ ತೆರೆಸಿದಳು. ‘ಮಾಜೀ, ನಾರಿಯಲ್, ಚಾವಲ್ ಅಂದರ್ ನಹೀ ಜಾಯೇಗಾ.’ ಕಾಯಿ, ಅಕ್ಕಿ ಸೇರಿ ಹೊರಗಿನ ತಿನಿಸೆಲ್ಲ ಹಡಗಿಗೆ ನಿಷಿದ್ಧ. ಪಕ್ಕದ ಕಸದ ಡಬ್ಬಿ ತೋರಿಸಿದಳು.

‘ಉಡಿ ಅಕ್ಕಿ ಕಸದಾಗ ಹಾಕೂದೇನು?’ ಅತ್ತೆ ಚೀಲವನ್ನು ಎದೆಗೆ ಅವಚಿಕೊಂಡಳು. ‘ಹಡಗು ಹೋದ್ರ ಹೋಗ್ಲಿ.’

‘ಬಿಡು, ಬೆಳಗಾವ್ಯಾಗ ಕಾಯಿ ಸಿಗೂದಿಲ್ಲೇನು?’ ಎಂದರು ಮಾಮಾ. ಅತ್ತೆ ನೋಡಿದ ನೋಟಕ್ಕೆ ಅವರು ಡಬ್ಬಿಯ ಹಿಂದೆ ಸರಿದು ನಿಂತರು.

ನನ್ನ ಸರದಿ. ಸ್ಪೀಕರಿನಲ್ಲಿ ಮೊಳಗುವ ಕ್ಯಾಪ್ಟನ್ ಧ್ವನಿಯಲ್ಲೇ ‘ಪ್ಲೀಸ್ ಅಲೌ ದಿಸ್ ಲೇಡಿ’ ಎಂದೆ. ಹಿಂದಿನ ಸಾಲು ನಕ್ಕಿತು. ಆಕೆ ನಗಲಿಲ್ಲ. ನನ್ನ ಚೀಲವನ್ನೂ ತೆರೆಸಿದಳು.

ಹಡಗು ಹಾರ್ನ್ ಹೊಡೆಯಿತು.

ಅತ್ತೆ ಆ ಹುಡುಗಿಯನ್ನೇ ನೋಡಿದಳು. ಆಮೇಲೆ ತನ್ನ ಬೆಳಗಾವಿ ಹಿಂದಿಯಲ್ಲಿ ಕೇಳಿದಳು: ‘ಬೇಟಿ, ಶಾದಿ ಹುವಾ ಕ್ಯಾ?’

ಮದುವೆ ಆಗಿದೆಯಂತೆ. ತವರು? ಒಡಿಶಾ. ಹೋಗಿ ಎಷ್ಟು ದಿನವಾಯಿತು? ಹುಡುಗಿ ಎಣಿಸಲು ಬೆರಳು ಮಡಚಿದಳು. ಒಂದು ಕೈ ಸಾಲಲಿಲ್ಲ.

‘ಟೋಪಿ ತಗಿ’ ಎಂದಳು ಅತ್ತೆ, ಅಪ್ಪಟ ಕನ್ನಡದಲ್ಲಿ. ಏನು ತಿಳಿಯಿತೋ, ತೆಗೆದಳು. ಅತ್ತೆ ಅದನ್ನೇ ಬಟ್ಟಲಿನಂತೆ ಒಡ್ಡಿಸಿ, ಹಣೆಗೆ ಕುಂಕುಮವಿಟ್ಟು, ಅಕ್ಕಿ ಸುರಿದು, ಮೇಲೆ ಕಾಯಿ ಇಟ್ಟಳು. ‘ಸೆರಗಿಲ್ಲ. ಇರ್ಲಿ, ನಡೀತೈತಿ.’ ಹುಡುಗಿ ಟೋಪಿಯನ್ನು ಎದೆಗೊತ್ತಿಕೊಂಡೇ ಬಗ್ಗಿ ಅತ್ತೆಯ ಕಾಲು ಮುಟ್ಟಿದಳು. (ನಿಯಮ ಮುರಿಯಲಿಲ್ಲ ಸ್ವಾಮಿ. ಕಾಯಿ ದಡದಲ್ಲೇ ಉಳಿಯಿತು.)

ಹಡಗು ಹತ್ತಿದ ಮೇಲೆ ಮಾಮಾ ಕೆಣಕಿದರು: ‘ಅಷ್ಟು ಹಟಾ ಮಾಡಿದಿ. ಕಡೀಕ ಕೊಟ್ಟ ಬಂದ್ಯಲ್ಲ?’

‘ಚೆಲ್ಲಾಕ ಬರಂಗಿಲ್ಲ, ಕೊಡಾಕ ಬರ್ತೈತಿ. ಆ ಹುಡುಗಿಗೂ ಖಾನಾಪುರ ತವರಾತು, ತಗೋರಿ.’

ಮಾಮಾ ದಡದ ಕಡೆ ತಿರುಗಿದರು. ‘ಹಂಗಾರ ಆಕಿ ಮನೀಗೂ ಒಮ್ಮೆ ಹೋಗಬೇಕಲ್ಲ?’

ಈಗ ನನಗೆ ಮತ್ತೆ ಕೊಚ್ಚಿಗೆ ಟಿಕೆಟ್ ನೋಡಲು ಹೇಳಿದ್ದಾರೆ. ಹೋಗುವುದಕ್ಕೆ ಮಾತ್ರ. ವಾಪಸಿನದು ಸದ್ಯಕ್ಕೆ ಬೇಡವಂತೆ. ಉಡಿ ತುಂಬಿಸಿಕೊಂಡು ಹೊಸ್ತಿಲು ದಾಟಲು ಎಷ್ಟು ಹೊತ್ತು ಹಿಡಿಯುತ್ತದೋ, ಯಾರಿಗೆ ಗೊತ್ತು?