ಮೂರನೇ ತಿರುವಿನ ಚಿರತೆ

ಹತ್ತೊಂಬತ್ತು ವರ್ಷ ಆತ ಪ್ರವಾಸದ ವ್ಯಾನು ಓಡಿಸಿದ. ಹತ್ತೊಂಬತ್ತು ವರ್ಷವೂ ಅದೇ ದಾರಿ: ಬೆಳಿಗ್ಗೆ ಕಾಡು, ಮಧ್ಯಾಹ್ನ ಕೆರೆ, ಸಂಜೆ ಗುಡ್ಡದ ತುದಿಯಿಂದ ಕಣಿವೆ, ಆಮೇಲೆ ವಾಪಸ್ಸು. ಇಷ್ಟು ವರ್ಷ ಜನರನ್ನು ಹೊತ್ತು ತಿರುಗಿದವನಿಗೆ ಜನರ ಮೇಲೆ ಒಂದಿಷ್ಟಾದರೂ ಪ್ರೀತಿ ಹುಟ್ಟಿರಬೇಕು ಎಂದು ಯಾರಾದರೂ ಅಂದುಕೊಂಡರೆ, ಅವರು ಒಂದು ದಿನವೂ ಅಂಥ ವ್ಯಾನು ಓಡಿಸಿದವರಲ್ಲ. ಮುಂದಿನ ಕನ್ನಡಿಯಲ್ಲಿ ಹನ್ನೆರಡು ತಲೆಗಳನ್ನು ನೋಡಿ ನೋಡಿ ಆತನಿಗೆ ಮನುಷ್ಯಜಾತಿಯ ಮೇಲೆಯೇ ತಾತ್ಸಾರ ಬಂದುಬಿಟ್ಟಿತ್ತು. ಅದು ತಪ್ಪೆಂದು ಹೇಳುವುದು ಕಷ್ಟ.

ಈ ಹನ್ನೆರಡು ತಲೆಗಳು ಕಿಟಕಿ ಪಕ್ಕದ ಸೀಟಿಗಾಗಿ ಕಾಲು ಕೆರೆದು ಜಗಳವಾಡುತ್ತಿದ್ದವು. ಗೆದ್ದವರು ಪರದೆ ಎಳೆದುಕೊಂಡು ಬಾಯಿ ತೆರೆದು ನಿದ್ದೆ ಹೊಡೆಯುತ್ತಿದ್ದರು. ಕೆರೆ ಬಂದ ಕೂಡಲೇ ಇಳಿದು, ಕೆರೆಗೆ ಬೆನ್ನು ತಿರುಗಿಸಿ ನಿಂತು, ತಮ್ಮ ಮುಖದ ಫೋಟೋ ತೆಗೆದುಕೊಳ್ಳುತ್ತಿದ್ದರು. ಆಮೇಲೆ ಒಬ್ಬರು ತಪ್ಪದೆ ಕೇಳುತ್ತಿದ್ದರು: "ಎಷ್ಟು ಆಳ ಇರಬಹುದು ಇದು?" ಆತ ಒಮ್ಮೆ ನಲವತ್ತು ಅಡಿ ಎನ್ನುತ್ತಿದ್ದ, ಒಮ್ಮೆ ನಾನೂರು ಎನ್ನುತ್ತಿದ್ದ. ಎರಡಕ್ಕೂ ಅವರು ಒಂದೇ ರೀತಿ ತಲೆದೂಗುತ್ತಿದ್ದರು.

ವ್ಯಾನು ನಿಲ್ಲಿಸುವ ಷೆಡ್ಡಿನಲ್ಲಿ ಆತನಿಗೆ ಚಿರತೆಯಣ್ಣ ಎಂದು ಹೆಸರು. ಉಳಿದ ಚಾಲಕರ ಗುಂಪುಗಳು ಕಾಡಿನಿಂದ ಒಂದು ಮೊಲವನ್ನೂ ಕಾಣದೆ ಮುಖ ಇಳಿಸಿಕೊಂಡು ಬರುತ್ತಿದ್ದವು. ಚಿರತೆಯಣ್ಣನ ವ್ಯಾನು ಮಾತ್ರ ಚಿರತೆ ಕಾಣದೆ ಬಂದದ್ದೇ ಇಲ್ಲ. ಅವನ ವ್ಯಾನೇ ಬೇಕೆಂದು ಜನ ಎರಡು ತಿಂಗಳು ಮೊದಲೇ ಹೆಸರು ಬರೆಸುತ್ತಿದ್ದರು. ಅವನ ಕಣ್ಣೇ ಕಣ್ಣು ಎಂದು ಹೊಗಳುತ್ತಿದ್ದರು.

ಅದರ ಗುಟ್ಟು ಇಷ್ಟೇ. ಕಾಡಿನ ಗೇಟು ದಾಟಿದ ಮೇಲೆ ಮೂರನೇ ತಿರುವಿನಲ್ಲಿ, ಹಳ್ಳದ ಆಚೆಗಿನ ಇಳಿಜಾರಿನಲ್ಲಿ, ಒಂದು ಕಲ್ಲು ಇದೆ. ಹಳದಿಗಟ್ಟಿದ ಕಲ್ಲು, ಮೈಮೇಲೆಲ್ಲ ಕಪ್ಪು ಪಾಚಿಯ ಚುಕ್ಕೆ. ಅದರ ಹಿಂದಿನಿಂದ ಒಂದು ಒಣಗಿದ ಕೊಂಬೆ ಇಳಿಬಿದ್ದಿದೆ. ಗಾಳಿ ಬೀಸಿದರೆ ಅಲ್ಲಾಡುತ್ತದೆ. ಚಿರತೆಯಣ್ಣ ಅಲ್ಲಿ ವ್ಯಾನು ನಿಧಾನ ಮಾಡಿ, ಎಂಜಿನ್ ನಿಲ್ಲಿಸಿ, ತಿರುಗದೆಯೇ ಒಂದು ಕೈ ಮೇಲೆತ್ತುತ್ತಿದ್ದ. ಹಿಂದೆ ಸದ್ದು ಅಡಗಿದ ಮೇಲೆ ಆ ಕೈಯನ್ನು ಮೆಲ್ಲಗೆ ಕಲ್ಲಿನ ಕಡೆ ಚಾಚಿ, "ಅಲ್ಲಿ" ಎಂದಷ್ಟೇ ಹೇಳುತ್ತಿದ್ದ. ಚಿರತೆ ಎಂಬ ಮಾತು ಆತನ ಬಾಯಿಂದ ಒಂದು ದಿನವೂ ಬಂದದ್ದಿಲ್ಲ. ಅದು ಆತ ಪಾಲಿಸಿಕೊಂಡು ಬಂದ ಒಂದೇ ಒಂದು ನಿಯತ್ತು.

ಉಳಿದದ್ದನ್ನು ಹನ್ನೆರಡು ತಲೆಗಳೇ ಮಾಡಿಕೊಳ್ಳುತ್ತಿದ್ದವು. ಮೊದಲ ಒಂದು ನಿಮಿಷ ಯಾರಿಗೂ ಏನೂ ಕಾಣುತ್ತಿರಲಿಲ್ಲ. ಆಮೇಲೆ, ತನಗೆ ಮಾತ್ರ ಕಾಣದೆ ಹೋಯಿತೇನೋ ಎಂಬ ದಿಗಿಲು ಒಬ್ಬರಿಗೆ ತಟ್ಟುತ್ತಿತ್ತು. ಅವರು ಪಿಸುಗುಟ್ಟುತ್ತಿದ್ದರು: "ಹಾಂ, ಚಿರತೆ." ಅಲ್ಲಿಂದ ತಡವಿಲ್ಲ. ಒಬ್ಬರಿಗೆ ಕಿವಿ ಕಾಣುತ್ತಿತ್ತು, ಇನ್ನೊಬ್ಬರಿಗೆ ಬಾಲ. ಹಲ್ಲು ಎಣಿಸಿದವರೂ ಇದ್ದರು. ಒಮ್ಮೆ ಒಬ್ಬ ದಂತವೈದ್ಯರಿಗೆ ಅದರ ಪಕ್ಕದಲ್ಲಿ ಎರಡು ಮರಿಗಳೂ ಕಂಡವು. ಫೋಟೋದಲ್ಲಿ ಕಲ್ಲು ಕಲ್ಲಾಗಿಯೇ ಬರುತ್ತಿತ್ತು. ಆದರೆ ಕ್ಯಾಮೆರಾದ್ದೇ ದೋಷ ಎಂದು ಅವರವರೇ ತೀರ್ಮಾನಿಸಿಕೊಂಡು ಬಿಡುತ್ತಿದ್ದರು. ಚಿರತೆಯಣ್ಣ ಎಂಜಿನ್ ಚಾಲೂ ಮಾಡಿ, ಕನ್ನಡಿಯಲ್ಲಿ ಆ ಬೆಳಗಿದ ಮುಖಗಳನ್ನು ನೋಡಿ, ಥೂ ಎಂದು ಮನಸ್ಸಿನಲ್ಲೇ ಉಗಿದು ಮುಂದೆ ಹೋಗುತ್ತಿದ್ದ.

ಈ ಲೋಕದಲ್ಲಿ ಇದ್ದದ್ದನ್ನು ಇದ್ದ ಹಾಗೆ ನೋಡುವ ಕಣ್ಣು ಒಂದೇ ಜೋಡಿ, ಅದು ತನ್ನ ಮನೆಯಲ್ಲಿದೆ ಎಂದು ಆತನ ನಂಬಿಕೆ. ಹೆಂಡತಿ ಬಟ್ಟೆ ಗಿರಣಿಯಲ್ಲಿ ಪರೀಕ್ಷೆಯ ಕೆಲಸದವಳು. ಗಾಜಿನ ಮೇಜು, ಮೇಜಿನ ಕೆಳಗೆ ದೀಪ, ಮೇಜಿನ ಮೇಲೆ ನಿಲ್ಲದೆ ಹರಿಯುವ ಬಟ್ಟೆ. ನೂರು ಗಜದಲ್ಲಿ ಒಂದು ಎಳೆ ತಪ್ಪಿದ್ದರೂ ಆಕೆಯ ಸೀಮೆಸುಣ್ಣ ಅಲ್ಲಿಗೆ ಹೋಗಿ ಒಂದು ಸೊನ್ನೆ ಸುತ್ತುತ್ತಿತ್ತು. ಮಾತು ಕಡಿಮೆ. ಆತ ಯಾವುದನ್ನೂ ಆಕೆಗೆ ತೋರಿಸದೆ ಮಾಡಿದವನಲ್ಲ. ಮೀಸೆ ಬಿಟ್ಟಾಗ ತೋರಿಸಿದ. ವ್ಯಾನಿನ ಸೀಟಿಗೆ ನೇರಳೆ ಬಣ್ಣದ ಕವಚ ಹೊಲಿಸಿದಾಗ ತೋರಿಸಿದ. ಮನೆ ಕೊಳ್ಳುವ ಮುಂಚೆ ಅಡುಗೆಮನೆಗೆ ಕರೆದುಕೊಂಡು ಹೋಗಿ, ಪಕ್ಕದ ಮನೆಯ ಗೋಡೆಗೆ ತೆರೆದುಕೊಂಡಿದ್ದ ಕಿಟಕಿಯ ಕಡೆ ಕೈ ಮಾಡಿ, "ಬೆಳಕು ಚೆನ್ನಾಗಿದೆ ಅಲ್ವಾ?" ಎಂದು ಕೇಳಿದ. ಆಕೆ ನೋಡಿ "ಹೂಂ" ಎಂದಳು. ಆಕೆಯ ಹೂಂ ಎಂದರೆ ಆತನಿಗೆ ಮುದ್ರೆ ಒತ್ತಿದ ಹಾಗೆ.

ಕಲ್ಲಿನ ಸಂಗತಿಯೊಂದನ್ನು ಮಾತ್ರ ಹೇಳಿರಲಿಲ್ಲ. ಮೊದಲೇ ಹೇಳಿಬಿಟ್ಟರೆ ಏನು ಬಂತು? ಒಂದು ದಿನ ಅವಳನ್ನು ಕರೆದುಕೊಂಡು ಹೋಗಬೇಕು, ಕೈ ತೋರಿಸಬೇಕು, ಅವಳು ತನ್ನ ಆ ಚಪ್ಪಟೆ ದನಿಯಲ್ಲಿ "ಅದು ಕಲ್ಲು" ಎನ್ನಬೇಕು. ಆಮೇಲೆ ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಗಬೇಕು. ಹತ್ತೊಂಬತ್ತು ವರ್ಷದ ನಗುವನ್ನು ಆತ ಒಬ್ಬನೇ ಹೊತ್ತುಕೊಂಡಿದ್ದ. ಹೆಸರು ಹೋದರೆ ಹೋಗಲಿ ಎನ್ನುವಷ್ಟು ಅದರ ಆಸೆ ಆತನಿಗಿತ್ತು. ಆದರೆ ವ್ಯಾನಿನಲ್ಲಿ ಸೀಟು ಖಾಲಿ ಇದ್ದ ದಿನ ಗಿರಣಿಗೆ ರಜೆ ಇರುತ್ತಿರಲಿಲ್ಲ.

ಕೊನೆಗೊಮ್ಮೆ ಎರಡೂ ಕೂಡಿ ಬಂದವು. ಒಂದು ವಿಮಾ ಕಚೇರಿಯವರು ಹೊರಟಿದ್ದರು. ಅವರಲ್ಲೊಬ್ಬ ಗುಮಾಸ್ತನಿಗೆ ಹಲ್ಲುನೋವು ಬಂದು, ಮುಂದಿನ ಸೀಟು ಖಾಲಿಯಾಯಿತು. ಆಕೆ ಬುತ್ತಿ ಕಟ್ಟಿಕೊಂಡು ಬಂದು ಕುಳಿತಳು.

ಆ ಗುಂಪಿನ ಯಜಮಾನಿಕೆ ಹೆಡ್ ಗುಮಾಸ್ತರದ್ದು. ಕತ್ತಿನಲ್ಲಿ ದುರ್ಬೀನು, ತಲೆ ಮೇಲೆ ಬೇಟೆಗಾರರ ಟೋಪಿ, ಬಾಯಲ್ಲಿ ಬಿಡುವಿಲ್ಲದ ಮಾತು. ಕಾಡು ಇನ್ನೂ ಹತ್ತು ಮೈಲಿ ಇರುವಾಗಲೇ, ಕಾಡುಪ್ರಾಣಿಗಳ ಮುಂದೆ ಹೇಗೆ ನಡೆದುಕೊಳ್ಳಬೇಕು ಎಂದು ಎಲ್ಲರಿಗೂ ಪಾಠ ಹೇಳಿದರು. ದಾರಿ ಬದಿಯಲ್ಲಿ ಕಟ್ಟಿಹಾಕಿದ್ದ ಒಂದು ಎಮ್ಮೆಯನ್ನು ದುರ್ಬೀನಿನಲ್ಲಿ ನೋಡಿ ಕಾಡುಕೋಣ ಎಂದರು. ಅವರ ಹಿಂದೆ ಕುಳಿತಿದ್ದ ಟೈಪಿಸ್ಟು, ಸಂಬಳ ಹೆಚ್ಚಾಗಬೇಕಾದವಳು, ಹೌದೌದು ಎಂದು ಕೊಂಬಿನ ಅಳತೆಯನ್ನೂ ಕೊಟ್ಟಳು. ಎಮ್ಮೆಯ ಕೊರಳಲ್ಲಿ ಗಂಟೆ ಇತ್ತು. ಚಿರತೆಯಣ್ಣ ಓರೆಗಣ್ಣಿನಿಂದ ಹೆಂಡತಿಯನ್ನು ನೋಡಿದ. ಆಕೆಯ ತುಟಿಯ ಒಂದು ಕೊನೆ ಸ್ವಲ್ಪ ಮೇಲೆ ಹೋಗಿತ್ತು. ಆತನಿಗೆ ಎದೆ ತುಂಬಿ ಬಂತು.

ಮೂರನೇ ತಿರುವು ಬಂತು. ಆತ ಎಂಜಿನ್ ನಿಲ್ಲಿಸಿದ. ಕೈ ಎತ್ತಿದ. ಅಂದು ಮಾತ್ರ ಕನ್ನಡಿಯ ಕಡೆ ನೋಡಲಿಲ್ಲ, ಪಕ್ಕದ ಮುಖವನ್ನೇ ನೋಡಿದ. "ಅಲ್ಲಿ."

ನಿಮಿಷ ಕಳೆಯಿತು. ಹೆಡ್ ಗುಮಾಸ್ತರು ದುರ್ಬೀನು ತಿರುವಿ ತಿರುವಿ ಸೋತರು. ಟೈಪಿಸ್ಟು ಅವರ ಬಾಯನ್ನೇ ಕಾಯುತ್ತಿದ್ದಳು. ಆಮೇಲೆ ಅವರು ಗಂಟಲು ಸರಿಮಾಡಿಕೊಂಡು, "ಹೆಣ್ಣು ಚಿರತೆ, ಗರ್ಭಿಣಿ" ಎಂದು ತೀರ್ಪು ಕೊಟ್ಟರು. ವ್ಯಾನಿನೊಳಗೆ ಉಸಿರು ಬಿಟ್ಟ ಸದ್ದಾಯಿತು. ಎಲ್ಲರಿಗೂ ಒಟ್ಟಿಗೇ ಕಂಡಿತು.

ಆಕೆ ಕಲ್ಲಿನ ಕಡೆ ನೋಡುತ್ತಲೇ ಇದ್ದಳು. ಬಟ್ಟೆ ನೋಡುವಾಗಿನ ಅದೇ ಕಣ್ಣು. ಚಿರತೆಯಣ್ಣನ ಚಾಚಿದ ಕೈ ನೋಯತೊಡಗಿತ್ತು.

"ನಿನಗೆ ಕಾಣ್ತಾ?" ಎಂದು ಕೇಳಿದ.

ಆಕೆ ಒಮ್ಮೆ ಆತನ ಕೈಯನ್ನು ನೋಡಿದಳು, ಒಮ್ಮೆ ಮುಖವನ್ನು ನೋಡಿದಳು. "ಹೂಂ," ಎಂದಳು. "ಕಾಣ್ತು. ಬಾಲ ಅಲ್ಲಾಡ್ತು."

ಆತ ಕೈ ಇಳಿಸಿದ. ಎಂಜಿನ್ ಚಾಲೂ ಮಾಡಿದ. ಗೇರು ಕಿರುಗುಟ್ಟಿತು. ಹಿಂದೆ ಹನ್ನೊಂದು ಮಂದಿ ಕುಣಿಯುತ್ತಿದ್ದರು. ಮುಂದೆ ಹನ್ನೆರಡನೆಯವಳು ಮಡಿಲಲ್ಲಿ ಬುತ್ತಿ ಇಟ್ಟುಕೊಂಡು ಕುಳಿತಿದ್ದಳು. ಕುರಿಮಂದೆಗೆ ಒಂದು ತಲೆ ಹೆಚ್ಚಾಯಿತು, ಅಷ್ಟೇ ಎಂದುಕೊಂಡ. ಇಪ್ಪತ್ತೆರಡು ವರ್ಷ ಇವಳ ಜೊತೆ ಸಂಸಾರ ಮಾಡಿದ್ದೂ ಹಿಂದಿನ ಸೀಟಿನವರ ಜೊತೆ ಮಾಡಿದ ಹಾಗೇ ಆಯಿತಲ್ಲ ಎಂದುಕೊಂಡ. ಆ ತಾತ್ಸಾರ ಎಷ್ಟು ಕಹಿಯಾಗಿತ್ತೆಂದರೆ ನುಂಗಿದರೂ ಹೋಗಲಿಲ್ಲ.

ಕೆರೆ ಬಂತು. ಎಲ್ಲರೂ ಇಳಿದು ಕೆರೆಗೆ ಬೆನ್ನು ಮಾಡಿ ನಿಂತರು. ಹೆಡ್ ಗುಮಾಸ್ತರು ಆಳ ಕೇಳಿದರು. "ನಾಲ್ಕು ಸಾವಿರ ಅಡಿ" ಎಂದ ಚಿರತೆಯಣ್ಣ. ಅವರು ತಲೆದೂಗಿ ಅದನ್ನು ಡೈರಿಯಲ್ಲಿ ಬರೆದುಕೊಂಡರು. ಟೈಪಿಸ್ಟಳ ಚಪ್ಪಲಿ ಕೆಸರಾಯಿತೆಂದು ಅರ್ಧ ಗಂಟೆ ಗದ್ದಲವಾಯಿತು. ಬಂದ ಕೆಲಸ ಮುಗಿದ ಹಾಗೆ ಉಳಿದವರು ವ್ಯಾನಿನ ನೆರಳಿನಲ್ಲಿ ಚಾಪೆ ಹಾಸಿ ಇಸ್ಪೀಟು ಹಾಕಿದರು.

ಆಕೆ ಒಬ್ಬಳೇ ನೀರಿನ ಅಂಚಿನ ಮೆಟ್ಟಿಲ ಮೇಲೆ ಕುಳಿತಿದ್ದಳು. ಆತ ನೀರು ತುಂಬಿಕೊಳ್ಳಲು ಹೋದಾಗ, "ರೀ, ಅಲ್ಲಿ ನೋಡಿ. ನೀರಲ್ಲಿ ಏನೋ ತಲೆ ಎತ್ತಿದೆ" ಎಂದಳು.

ಆತ ಒಂದು ಕ್ಷಣ ಆ ಕಡೆ ಕಣ್ಣು ಹಾಯಿಸಿದ. ನೀರಿನ ನಡುವೆ ಕಪ್ಪಗೆ ಏನೋ ಇತ್ತು. ಕಲ್ಲಿನಲ್ಲಿ ಬಾಲ ಕಂಡವಳಿಗೆ ನೀರಿನಲ್ಲಿ ತಲೆ ಕಾಣುವುದರಲ್ಲಿ ಆಶ್ಚರ್ಯವೇನು? "ಕೊರಡು" ಎಂದ, ಮುಖಕ್ಕೆ ಹೊಡೆದ ಹಾಗೆ.

"ಹೂಂ," ಎಂದಳು ಆಕೆ. ಆದರೆ ಅಲ್ಲಿಂದ ಏಳಲಿಲ್ಲ. ವ್ಯಾನಿನ ಹಾರನ್ ಎರಡು ಸಲ ಕೂಗುವವರೆಗೂ ನೋಡುತ್ತಲೇ ಕುಳಿತಿದ್ದಳು.

ಸಂಜೆ ಗುಡ್ಡದ ತುದಿಯಲ್ಲಿ ಕಣಿವೆಗೆಲ್ಲ ಮಂಜು ಕವಿದಿತ್ತು. ಏನೂ ಕಾಣದ ಕಡೆಗೆ ದುರ್ಬೀನು ಹಿಡಿದು ಹೆಡ್ ಗುಮಾಸ್ತರು ಅದ್ಭುತ ಎಂದರು. ಗುಂಪು ಸಾಲಾಗಿ ನಿಂತು ಅದ್ಭುತ ಎಂದಿತು. ಚಿರತೆಯಣ್ಣ ಇಳಿಯಲೂ ಇಲ್ಲ. ಊರಿಗೆ ವಾಪಸ್ಸು ಬಂದು ಇಳಿಯುವಾಗ ಅವರೆಲ್ಲ ಆತನ ಕೈ ಕುಲುಕಿ, ನಿಮ್ಮಂಥ ಕಣ್ಣು ಸಾವಿರಕ್ಕೊಬ್ಬರಿಗೆ ಎಂದು ಹೊಗಳಿ ಹೋದರು. ಆತ ಹಲ್ಲು ಕಿರಿದ.

ಷೆಡ್ಡಿಗೆ ಬಂದಾಗ ಇನ್ನೂ ಮಬ್ಬು ಬೆಳಕಿತ್ತು. ಆತ ಸೀಟಿನ ಸಂದಿಯಿಂದ ಕಾಗದ, ಸಿಪ್ಪೆ, ಬಾಟಲಿ ಹೆಕ್ಕುತ್ತಿದ್ದ. ಪ್ರಕೃತಿ ನೋಡಲು ಹೋದವರು ದಿನವೂ ಬಿಟ್ಟುಹೋಗುವ ಗುರುತುಗಳು. ಆಕೆ ಮುಂದಿನ ಸೀಟಿನಲ್ಲೇ ಕುಳಿತಿದ್ದಳು.

"ಆ ಕಲ್ಲಿನ ಹಿಂದೆ ಇರೋದು ಬಳ್ಳಿಯಾ, ಕೊಂಬೆಯಾ?" ಎಂದು ಕೇಳಿದಳು.

ಆತನ ಕೈಯಲ್ಲಿದ್ದ ಬಾಟಲಿ ಹಾಗೇ ನಿಂತಿತು. "ಕಲ್ಲು ಅಂತ ನಿನಗೆ ಗೊತ್ತಿತ್ತಾ?"

"ಕಲ್ಲು ಕಲ್ಲಿನ ಹಾಗೇ ಇತ್ತಲ್ಲ."

"ಮತ್ತೆ ಬಾಲ ಅಲ್ಲಾಡ್ತು ಅಂದೆ."

"ಇನ್ನೇನನ್ನಲಿ? ನೀವು ಅಷ್ಟು ಹೊತ್ತು ಕೈ ಚಾಚ್ಕೊಂಡು ನನ್ನ ಮುಖಾನೇ ನೋಡ್ತಿದ್ರಿ. ಅಷ್ಟು ಆಸೆಯಿಂದ ತೋರಿಸೋರಿಗೆ ಹೇಗೆ ಇಲ್ಲ ಅನ್ನೋದು."

ಚಿರತೆಯಣ್ಣನಿಗೆ ಜೀವ ಬಂದ ಹಾಗಾಯಿತು. ಕಂಡಿತ್ತು, ಇವಳಿಗೆ ಕಲ್ಲೇ ಕಂಡಿತ್ತು. ಬೆಳಗಿನಿಂದ ಇವಳನ್ನು ಕುರಿಮಂದೆಗೆ ಸೇರಿಸಿದ ತನ್ನ ತಲೆಗೇ ಹೊಡೆದುಕೊಳ್ಳಬೇಕೆನಿಸಿತು. ಸೀಟಿನ ಮೇಲೆ ಕುಸಿದು ಕುಳಿತು, ಕಾದಿಟ್ಟುಕೊಂಡಿದ್ದ ನಗುವನ್ನು ಬಿಚ್ಚಿದ. ದಂತವೈದ್ಯರ ಮರಿಗಳ ಕಥೆ ಹೇಳಿದ, ಗರ್ಭಿಣಿ ಕಲ್ಲಿನ ಕಥೆ ಹೇಳಿದ, ಕಣ್ಣೀರು ಒರೆಸಿಕೊಂಡ. ಆಕೆಯೂ ಸ್ವಲ್ಪ ನಕ್ಕಳು. ಆಮೇಲೆ ಬುತ್ತಿಯ ಡಬ್ಬಿಯ ಮುಚ್ಚಳ ಒತ್ತುತ್ತ ಹೇಳಿದಳು:

"ಕೆರೇಲಿದ್ದದ್ದು ಕೊರಡಲ್ಲ. ನೀರುನಾಯಿ. ಮೀಸೆ ಇತ್ತು. ಎರಡು ಸಲ ಮುಳುಗಿ ಎದ್ದು, ಮೀನು ಕಚ್ಕೊಂಡು ಆಚೆ ದಡ ಹತ್ತಿತು. ಅಲ್ಲಿ ಅದರ ಮರಿ ಇತ್ತು."

ಆತನ ನಗು ಅರ್ಧಕ್ಕೆ ನಿಂತಿತು. ಹತ್ತೊಂಬತ್ತು ವರ್ಷ ಆ ಕೆರೆಗೆ ಹೋಗಿದ್ದ. ನೀರುನಾಯಿ ಇದೆಯೆಂಬುದೇ ಆತನಿಗೆ ಗೊತ್ತಿರಲಿಲ್ಲ.

"ಆಗಲೇ ಯಾಕೆ ಹೇಳ್ಲಿಲ್ಲ?"

"ನೀವು ಕೊರಡು ಅಂದ್ರಿ. ನಾನು ಹೂಂ ಅಂದೆ," ಎಂದಳು. ಆತ ನೋಡುತ್ತಲೇ ಇದ್ದದ್ದು ಕಂಡು, ಇದರಲ್ಲೇನಿದೆ ಎಂಬಂತೆ ಸೇರಿಸಿದಳು: "ನೀವು ಕೈ ತೋರಿಸಿದ ಕಡೆ ನೋಡಿ ಹೂಂ ಅನ್ನೋದು ನನಗೆ ಇವತ್ತು ಶುರುವಾಗಿದ್ದಾ? ನಡೀರಿ, ಮನೆಗೆ ಹೋಗೋಣ."

ದಾರಿಯಲ್ಲಿ ಆತ ಒಮ್ಮೆ ಮೀಸೆ ಮುಟ್ಟಿಕೊಂಡ. ವ್ಯಾನಿನ ನೇರಳೆ ಕವಚ ನೆನಪಾಯಿತು. ಜನರ ಪೆದ್ದುತನದ ಮೇಲೆ ಕಟ್ಟಿಕೊಂಡಿದ್ದ ದೊಡ್ಡಸ್ತಿಕೆಯೆಲ್ಲ ತನ್ನ ಮೇಲೇ ತಿರುಗಿ ಬಿದ್ದ ಹಾಗಿತ್ತು. ಹಿಂದಿನ ಸೀಟಿನ ಆ ಮಂದಿಯನ್ನು ಒಂದೊಂದು ನಿಮಿಷ ಮೋಸಗೊಳಿಸಿ ಬೀಗಿದವನನ್ನು ಇಪ್ಪತ್ತೆರಡು ವರ್ಷ ಒಬ್ಬಳು ನೋಯಿಸದೆ ಸಾಕಿಕೊಂಡು ಬಂದಿದ್ದಳು.

ಮರುದಿನ ಪ್ರವಾಸವಿರಲಿಲ್ಲ, ಹೆಂಡತಿಗೆ ಗಿರಣಿಯಲ್ಲಿ ಮಧ್ಯಾಹ್ನದ ಪಾಳಿ. ಹತ್ತು ಗಂಟೆಗೆ, ಹೊರಗೆ ಬಿಸಿಲು ಸುಡುವಾಗ, ಚಿರತೆಯಣ್ಣ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. ಹೆಂಡತಿ ಬೆನ್ನು ತಿರುಗಿಸಿ ತರಕಾರಿ ಹೆಚ್ಚುತ್ತಿದ್ದಳು. ಆಕೆಯ ತಲೆಯ ಮೇಲೆ ಬಲ್ಬು ಉರಿಯುತ್ತಿತ್ತು. ಮನೆ ಕೊಂಡ ದಿನದಿಂದ ಅದು ಹಗಲಲ್ಲೂ ಉರಿಯುತ್ತಿತ್ತು. ಆತ ಅದನ್ನು ದಿನವೂ ನೋಡಿದ್ದ. ಕೈ ಚಾಚಿ ಸ್ವಿಚ್ಚು ಆರಿಸಿದ. ಕಿಟಕಿ ಇದ್ದ ಕಡೆ ಪಕ್ಕದ ಗೋಡೆ ಮಾತ್ರ ಮಸುಕಾಗಿ ಕಂಡಿತು. ಹೆಂಡತಿ ಕಾಣಲಿಲ್ಲ, ಈಳಿಗೆಯೂ ಕಾಣಲಿಲ್ಲ.

"ದೀಪ ಹಾಕಿ," ಎಂದು ಕತ್ತಲೆಯಿಂದ ಆಕೆಯ ಚಪ್ಪಟೆ ದನಿ ಬಂತು. "ಕೈ ಕುಯ್ಕೋತೀನಿ."