ಐವತ್ತೊಂಬತ್ತಕ್ಕೆ ಉಳಿ ಹಿಡಿದದ್ದು

ತೀರ್ಥಹಳ್ಳಿಯಲ್ಲಿ ನರ್ಸ್ ಕೆಲಸದಿಂದ ನಿವೃತ್ತಳಾದ ಮೂರನೇ ತಿಂಗಳು, ಕಾಲು ಸಡಿಲವಾದ ಹಳೆಯ ಕುರ್ಚಿಯೊಂದನ್ನು ಆಟೋದಲ್ಲಿ ಹಾಕಿಕೊಂಡು ಮೇಳಿಗೆಯ ಬಡಗಿಯೊಬ್ಬರ ಹತ್ತಿರ ಹೋದೆ. ಎರಡು ಮೊಳೆ ಹೊಡೆದುಕೊಟ್ಟರೆ ಸಾಕೆಂದುಕೊಂಡಿದ್ದೆ. ಆಚಾರ್ರು ಮೊಳೆ ಮುಟ್ಟಲಿಲ್ಲ. ಮರದ ಕೊಡತಿಯಿಂದ ಅಲ್ಲಲ್ಲಿ ಮೆಲ್ಲಗೆ ತಟ್ಟಿದರು; ಕುರ್ಚಿ ಬಿಡಿಬಿಡಿಯಾಗಿ ನೆಲದ ಮೇಲೆ ಮಲಗಿತು. ಒಂದು ತುಂಡಿನ ತುದಿ ಇನ್ನೊಂದರ ತೂತಿನಲ್ಲಿ ಬಿಗಿಯಾಗಿ ಕೂತು, ಒಂದೇ ಒಂದು ಮೊಳೆಯಿಲ್ಲದೆ ಇಷ್ಟು ವರ್ಷ ನಮ್ಮನ್ನೆಲ್ಲ ಹೊತ್ತಿತ್ತು. ದಿನಾ ಕೂರುತ್ತಿದ್ದ ಕುರ್ಚಿಯನ್ನು ನಾನು ನಿಜವಾಗಿ ನೋಡಿದ್ದು ಅವತ್ತೇ.

“ನಂಗೂ ಕಲಿಸ್ತೀರಾ?” ಎಂದುಬಿಟ್ಟೆ.

ಅವರು ನನ್ನ ನರೆತ ಕೂದಲು ನೋಡಿದರು. “ಈ ವಯಸ್ಸಲ್ಲಿ ಎಂತಕ್ಕೆ ಸಿಸ್ಟರೇ?”

“ಸುಮ್ನೆ. ಆಸೆ.”

“ಹಾಗಾದ್ರೆ ಬನ್ನಿ. ಹೊಟ್ಟೆಪಾಡಿಗೆ ಅಂದಿದ್ರೆ ಬೇಡ ಅಂತಿದ್ದೆ.”

ಎರಡು ವಾರ ಸಾಣೆಕಲ್ಲಿನ ಮೇಲೆ ಉಳಿ ಮಸೆದದ್ದೇ ಕೆಲಸ. ಮಸೆದ ಉಳಿಯ ಬಾಯನ್ನು ಅವರು ಹೆಬ್ಬೆರಳಿನ ಉಗುರಿನ ಮೇಲಿಟ್ಟು ನೋಡುತ್ತಿದ್ದರು. ಜಾರಿದರೆ ಹರಿತ ಸಾಲದೆಂದು ಮತ್ತೆ ಕಲ್ಲಿಗೆ. ಇಂಜೆಕ್ಷನ್ ಕೊಟ್ಟು ಪಳಗಿದ ಕೈ ಎಂಬ ಜಂಬವೆಲ್ಲ ಅಲ್ಲೇ ಇಳಿಯಿತು. ಆಮೇಲೆ ಹಲಸಿನ ಮರದಲ್ಲಿ ಒಂದು ಸ್ಟೂಲು ಮಾಡಿದೆ. ಅದು ಮೂರು ಕಾಲಿನ ಮೇಲೆ ನಿಂತು ನಾಲ್ಕನೆಯದನ್ನು ಗಾಳಿಯಲ್ಲಿ ಆಡಿಸಿತು. ನಾಚಿಕೆಯಾಗಿ ಕಲಿಕೆ ಬಿಡೋಣವೆನ್ನಿಸಿತು.

ಆ ವಾರವೇ ಅವರು ಹೊಸನಗರದ ಒಂದು ಮನೆಗೆ ಊಟದ ಮೇಜು ಜೋಡಿಸಲು ಹೊರಟರು. ನಾನೂ ಜೀಪು ಹತ್ತಿದೆ. ಮೇಜನ್ನು ಬೋರಲು ಹಾಕಿ ಕಾಲು ಕೂರಿಸುವಾಗ ಹಲಗೆಯ ಅಡಿಯಲ್ಲಿ ಕೂದಲೆಳೆಯಂಥ ಸೀಳು ಅವರ ಬೆರಳಿಗೆ ಸಿಕ್ಕಿತು. ಮನೆಯ ಯಜಮಾನರು ಬಗ್ಗಿ ನೋಡಿ ನಕ್ಕರು.

“ಇರ್ಲಿ ಬಿಡಿ ಆಚಾರ್ರೇ. ಅಡಿಯಲ್ಲಿ ಯಾರು ನೋಡ್ತಾರೆ?”

“ಮಕ್ಕಳು ನೋಡ್ತಾವೆ,” ಎಂದರು ಇವರು. “ಅವು ಆಡೋದೇ ಮೇಜಿನ ಅಡಿಗೆ ಅಲ್ವಾ?”

ಹಲಗೆಯನ್ನು ಜೀಪಿಗೇರಿಸಿ ವಾಪಸು ತಂದರು. ದಾರಿಯುದ್ದಕ್ಕೂ ಬೇರೆ ಹಲಗೆ ಎಲ್ಲಿ ಸಿಕ್ಕೀತೆಂಬ ಯೋಚನೆಯಷ್ಟೇ. ಆಸ್ಪತ್ರೆಯಲ್ಲಿ ದೊಡ್ಡ ದೊಡ್ಡ ಡಾಕ್ಟರುಗಳನ್ನು ಕಂಡಿದ್ದೇನೆ. ತನ್ನ ಕೆಲಸದ ತಪ್ಪನ್ನು ಇಷ್ಟು ಸಲೀಸಾಗಿ ಹೊತ್ತುಕೊಂಡು ಮನೆಗೆ ಬಂದವರನ್ನು ಕಂಡದ್ದು ಕಡಿಮೆ.

ಮಾರನೆಯ ದಿನ ನನ್ನ ಸ್ಟೂಲನ್ನು ನಾನೇ ಬಿಚ್ಚಿ ಹೊಸದಾಗಿ ಅಳತೆ ಹಾಕಿದೆ. ಒಂದು ತಿಂಗಳು ಹಿಡಿಯಿತು. ಈ ಸಲ ಅಲ್ಲಾಡಲಿಲ್ಲ. ಆಚಾರ್ರು ಅದರ ಮೇಲೆ ಕೂತು ಎಲೆಯಡಿಕೆ ಹಾಕಿಕೊಂಡರು. ಚೆನ್ನಾಗಿದೆ ಎನ್ನಲಿಲ್ಲ, ಆದರೆ ಬಹಳ ಹೊತ್ತು ಏಳಲೂ ಇಲ್ಲ.

ಈಗ ಸಾಗರದ ನನ್ನ ತಂಗಿ ಆ ಸ್ಟೂಲು ತನಗೆ ಬೇಕೆನ್ನುತ್ತಾಳೆ. ಕೊಡಲು ಮನಸ್ಸು ಬರುತ್ತಿಲ್ಲ. ಅವಳಿಗಾಗಿ ಇನ್ನೊಂದನ್ನು ಶುರುಮಾಡಿದ್ದೇನೆ.